ನೆಗ್ಗಿಲು ಕುಡಿದ ಇಲಿ

ಹೊಲದ ಬದುವಿನಲ್ಲಿ ಬರಿಗಾಲಲ್ಲಿ ಓಡಾಡಿದವರಿಗೆ ನೆಗ್ಗಿಲು ಮುಳ್ಳಿನ ಪರಿಚಯ ಮಾಡಿಕೊಡಬೇಕಿಲ್ಲ. ಚರಕಸಂಹಿತೆಯಲ್ಲಿ ಇದರ ಹೆಸರು ಶ್ವದಂಷ್ಟ್ರಾ, ಅಂದರೆ ನಾಯಿಹಲ್ಲು. ಮೂತ್ರ ಇಳಿಸುವ ಹತ್ತು ಮೂಲಿಕೆಗಳ ಪಟ್ಟಿಯಲ್ಲಿ ಅದೂ ಒಂದು. ‘ನೆಗ್ಗಿಲು ಕಷಾಯ ಇಂಗ್ಲಿಷ್ ಮಾತ್ರೆಯನ್ನೇ ಮೀರಿಸುತ್ತದೆ ಅಂತ ಇಲಿಗಳ ಮೇಲೆ ಸಾಬೀತಾಗಿದೆಯಂತೆ, ಹೌದೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಅರ್ಧ ಹೌದು.

ಮೊದಲು ಇಲಿಯ ಮೂತ್ರ ಅಳೆಯುವ ಬಗೆ. 1943ರಲ್ಲಿ ಲಿಪ್‌ಷಿಟ್ಸ್ ಮತ್ತು ಸಂಗಡಿಗರು ರೂಪಿಸಿದ ಪದ್ಧತಿಯೇ ಅಲ್ಪಸ್ವಲ್ಪ ಮಾರ್ಪಾಡಿನೊಂದಿಗೆ ಇಂದಿಗೂ ನಡೆದಿದೆ. ಇಲಿಗಳನ್ನು ಉಪವಾಸ ಕೆಡವಿ, ಉಪ್ಪುನೀರಿನ ಜತೆ ಮದ್ದು ಕುಡಿಸಿ, ಜಾಲರಿ ತಳದ ಪಂಜರಕ್ಕೆ ಬಿಡುತ್ತಾರೆ. ಹಿಕ್ಕೆ ಒಂದು ಕಡೆ ಉಳಿಯುತ್ತದೆ, ಮೂತ್ರ ಲಾಳಿಕೆಯಿಂದ ಅಳತೆಯ ಕೊಳವೆಗೆ ಇಳಿಯುತ್ತದೆ. ಐದು ಗಂಟೆಯ ಲೆಕ್ಕ, ಬೇಕಾದರೆ ಇಡೀ ದಿನದ ಲೆಕ್ಕ. ಮೂತ್ರಕೋಶದಲ್ಲಿ ಉಳಿದ ಹನಿಗಳೂ ತಪ್ಪಬಾರದೆಂದು ಕೆಲವು ಪ್ರಯೋಗಾಲಯಗಳಲ್ಲಿ ಇಲಿಯ ಬಾಲವನ್ನು ಬುಡದಲ್ಲಿ ಮೆಲ್ಲಗೆ ಜಗ್ಗುವುದೂ ಉಂಟು! ಹೋಲಿಕೆಗೆ ಲಿಪ್‌ಷಿಟ್ಸ್ ಆರಿಸಿಕೊಂಡದ್ದು ಯೂರಿಯಾ. ಹೌದು, ಹೊಲಕ್ಕೆ ಎರಚುವ ಅದೇ ವಸ್ತು.

ಮುಂದೆ, ಮದ್ದು ಮೂತ್ರ ಹೆಚ್ಚಿಸುವ ಬಗೆ. ಮೂತ್ರಪಿಂಡ ವಿಚಿತ್ರ ಜಿಪುಣ. ಒಂದು ಕೈಯಲ್ಲಿ ನೂರು ರೂಪಾಯಿ ಕೊಟ್ಟು ಇನ್ನೊಂದು ಕೈಯಲ್ಲಿ ತೊಂಬತ್ತೊಂಬತ್ತನ್ನು ಕಿತ್ತುಕೊಳ್ಳುವ ಪೈಕಿ. ಮನುಷ್ಯರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ; ಹೊರಬೀಳುವುದು ಒಂದೂವರೆ ಲೀಟರ್ ಚಿಲ್ಲರೆ. ಮಿಕ್ಕದ್ದೆಲ್ಲ ರಕ್ತಕ್ಕೆ ವಾಪಸು. ಜಿಪುಣ ತೊಂಬತ್ತೊಂಬತ್ತರ ಬದಲು ತೊಂಬತ್ತೆಂಟು ಕಿತ್ತುಕೊಂಡ ಎನ್ನಿ, ಕೊಟ್ಟದ್ದು ಅಷ್ಟೇ ಇದ್ದರೂ ಮೂತ್ರ ಇಮ್ಮಡಿ! ಫ್ಯೂರೋಸೆಮೈಡ್, ಅಂದರೆ ಲ್ಯಾಸಿಕ್ಸ್ ಎಂಬ ಇಂಗ್ಲಿಷ್ ಮಾತ್ರೆ, ಮಾಡುವುದು ಇದನ್ನೇ. ಉಪ್ಪಿನಂಶವನ್ನು ವಾಪಸು ಎಳೆಯುವ ಕೈಯನ್ನು ಅದು ಹಿಡಿದುಬಿಡುತ್ತದೆ. ಉಪ್ಪಿನ ಹಿಂದೆ ನೀರೂ ಹೊರಡುತ್ತದೆ.

ಇನ್ನು ಓದುಗರ ಪ್ರಶ್ನೆ. 2003ರಲ್ಲಿ ‘ಜರ್ನಲ್ ಆಫ್ ಎಥ್ನೋಫಾರ್ಮಕಾಲಜಿ’ಯಲ್ಲಿ ಬಂದ ವರದಿಯ ಪ್ರಕಾರ ನೆಗ್ಗಿಲು ಸಾರ ಕುಡಿದ ಇಲಿಗಳು ಫ್ಯೂರೋಸೆಮೈಡ್ ಪಡೆದವಕ್ಕಿಂತ ತುಸು ಹೆಚ್ಚೇ ಮೂತ್ರ ಮಾಡಿದವು. ಜತೆಗೆ ಪರೀಕ್ಷಿಸಿದ ಮೆಕ್ಕೆಜೋಳದ ಕೂದಲು ಹೇಳಿಕೊಳ್ಳುವಂಥ ಕೆಲಸ ಮಾಡಲಿಲ್ಲ. ಆದರೆ ಪ್ರಮಾಣ ಎಷ್ಟು? ಕಿಲೋ ತೂಕಕ್ಕೆ 5 ಗ್ರಾಂ. ಇಲಿಯ ಲೆಕ್ಕವನ್ನು ಮನುಷ್ಯರಿಗೆ ಹೊಂದಿಸುವ ರೂಢಿಯ ಸೂತ್ರದಂತೆ ಆರು ಚಿಲ್ಲರೆಯಿಂದ ಭಾಗಿಸಿದರೂ 60 ಕಿಲೋ ತೂಗುವವರಿಗೆ ಸುಮಾರು 48 ಗ್ರಾಂ ಸಾರ. ಸಾಮಾನ್ಯ ಲ್ಯಾಸಿಕ್ಸ್ ಮಾತ್ರೆಯಲ್ಲಿರುವ ಮದ್ದು 40 ಮಿಲಿಗ್ರಾಂ. ‘ಮೀರಿಸುತ್ತದೆ’ ಎಂದು ಹಂಚುವವರು ಈ ಸಾಲನ್ನು ಮಾತ್ರ ನುಂಗಿಬಿಡುತ್ತಾರೆ.

ಗೆದ್ದ ಗಿಡದ ಕಥೆ ಇದಾದರೆ, ಇದೇ ಪರೀಕ್ಷೆಯಲ್ಲಿ ಒಳ್ಳೆಯ ಗಿಡ ಸೋಲುವುದೂ ಸಾಧ್ಯ. 1775ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್‌ಗೆ, ಶ್ರಾಪ್‌ಶೈರಿನ ಅಜ್ಜಿಯೊಬ್ಬಳು ಮೈಬಾವಿಗೆ ಕೊಡುತ್ತಿದ್ದ ಮದ್ದಿನ ಸುದ್ದಿ ಸಿಕ್ಕಿತು. ಅದರಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಸೊಪ್ಪುಗಳಲ್ಲಿ ಕೆಲಸ ಮಾಡುತ್ತಿದ್ದದ್ದು ಫಾಕ್ಸ್‌ಗ್ಲೋವ್ ಎಂದು ಆತ ಗುರುತಿಸಿದ. ಹತ್ತು ವರ್ಷ ರೋಗಿಗಳಿಗೆ ಕೊಟ್ಟು ನೋಡಿ 1785ರಲ್ಲಿ ಪುಸ್ತಕ ಬರೆದ. ರೋಗಿಗಳ ಬಾವು ಮೂತ್ರವಾಗಿ ಹರಿದುಹೋಗುತ್ತಿತ್ತು, ನಿಜ. ಆದರೆ ಆ ಸೊಪ್ಪು ಮುಖ್ಯವಾಗಿ ಬಲಪಡಿಸುತ್ತಿದ್ದದ್ದು ದಣಿದ ಹೃದಯವನ್ನು. ಪಂಜರದ ಇಲಿಯ ಹೃದಯಕ್ಕೆ ದಣಿವೇ ಇಲ್ಲ. ಸಾಲದ್ದಕ್ಕೆ ಆ ಗಿಡದ ಸತ್ವ ಇಲಿಗಳಿಗೆ ಹುಟ್ಟಾ ಅಷ್ಟಾಗಿ ನಾಟುವುದಿಲ್ಲ. ಲಿಪ್‌ಷಿಟ್ಸ್ ಪರೀಕ್ಷೆಯಲ್ಲಿ ಅದು ಬಹುಶಃ ನಪಾಸು.

ನೆಗ್ಗಿಲಿನ ವಿಷಯದಲ್ಲಿ ಇನ್ನೊಂದು ಅನುಮಾನವಿದೆ. 1920ರ ದಶಕದಲ್ಲಿ ಕಲ್ಕತ್ತೆಯಲ್ಲಿ ರಾಮನಾಥ ಚೋಪ್ರಾ ಮತ್ತು ಸಹೋದ್ಯೋಗಿಗಳು ಪುನರ್ನವ ಎಂಬ ಮತ್ತೊಂದು ಗಿಡವನ್ನು ಶೋಧಿಸಿದಾಗ ಅದರಲ್ಲಿ ಧಾರಾಳವಾಗಿ ಪೊಟ್ಯಾಸಿಯಂ ನೈಟ್ರೇಟ್, ಅಂದರೆ ಪೆಟ್ಲುಪ್ಪು, ಸಿಕ್ಕಿತು. ಅದೊಂದೇ ಸಾಕು ಮೂತ್ರ ಹೆಚ್ಚಿಸಲು. ನೆಗ್ಗಿಲು ಕುಡಿದ ಇಲಿಗಳ ಮೂತ್ರದಲ್ಲೂ ಪೊಟ್ಯಾಸಿಯಂ ಏರಿತ್ತು. ಅದು ಗಿಡದ ಸತ್ವದ ಕೆಲಸವೋ, ಸಾರದಲ್ಲೇ ಬಂದ ಉಪ್ಪಿನದೋ ಎಂದು ತಿಳಿಯಲು ಅಷ್ಟೇ ಪೊಟ್ಯಾಸಿಯಂ ಮಾತ್ರ ಕುಡಿದ ಇಲಿಗಳ ಗುಂಪೊಂದು ಪಕ್ಕದಲ್ಲಿರಬೇಕು. ಇದು ಕೇವಲ ಪಂಡಿತರ ತಕರಾರಲ್ಲ. ಮೂತ್ರಪಿಂಡ ಸೋತವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಕಷಾಯದ ಮೊರೆ ಹೋಗುವವರಲ್ಲಿ ಅಂಥವರೂ ಇರುತ್ತಾರೆ. ಈ ಬಗೆಯ ಪರೀಕ್ಷೆಗೆ ಆರಿಸುವುದು ಮಾತ್ರ ಗಟ್ಟಿಮುಟ್ಟಾದ ಇಲಿಗಳನ್ನು.