ಸಿಡಿಯದ ತೋಟಾ ಕಲಿಸಿದ ಪಾಠ

ನಮ್ಮದು ಕೊಡಗು. ಮನೆಯಲ್ಲಿ ಅಜ್ಜನ ಜೋಡುನಳಿಕೆ ಕೋವಿ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ಊರವರಿಂದ ಶಹಬ್ಬಾಸ್‌ಗಿರಿ ಪಡೆದವನು ನಾನು. ಹಾಗಾಗಿ ಓದಲೆಂದು ಹೊರರಾಜ್ಯಕ್ಕೆ ಹೋದಾಗ, ಗೆಳೆಯನ ಜೊತೆ ಟ್ರ್ಯಾಪ್ ಶೂಟಿಂಗ್ ಕಲಿಯಲು ಹೋದ ದಿನ ನನ್ನ ಜಂಬ ಕೇಳಬೇಡಿ. ‘ಕೋವಿ ಹಿಡಿದು ಅಭ್ಯಾಸ ಇದೆಯಾ?’ ಎಂದರು ಕೋಚ್. ‘ಕೊಡಗಿನವನು ಸರ್’ ಎಂದೆ. ಅವರು ಸುಮ್ಮನೆ ನಕ್ಕರು.

ತೆಂಗಿನಕಾಯಿ ಕಟ್ಟಿದಲ್ಲೇ ಇರುತ್ತದೆ. ಟ್ರ್ಯಾಪ್‌ನಲ್ಲಿ ಹಾಗಲ್ಲ. ‘ಪುಲ್’ ಎಂದು ಕೂಗಿದ ಕೂಡಲೇ ಎದುರಿನ ಹೊಂಡದೊಳಗಿನ ಯಂತ್ರ 11 ಸೆಂ.ಮೀ. ಅಗಲದ ತಟ್ಟೆಯನ್ನು ಗಾಳಿಗೆ ಎಸೆಯುತ್ತದೆ. ಎಡಕ್ಕೋ, ಬಲಕ್ಕೋ, ನೇರಕ್ಕೋ ಗೊತ್ತಾಗುವುದಿಲ್ಲ. ಒಂದು ಸುತ್ತಿಗೆ 25 ತಟ್ಟೆ. ಸಾಲಾಗಿ ಐದು ಜಾಗಗಳಿದ್ದು, ಪ್ರತಿ ಜಾಗದಲ್ಲೂ ಒಬ್ಬೊಬ್ಬರು ಕೋವಿ ಹಿಡಿದು ನಿಂತಿರುತ್ತಾರೆ.

ಕೋಚ್ ಮೊದಲು ನಿಯಮ ಹೇಳಿದರು. ನಮ್ಮ ಜಾಗಕ್ಕೆ ಹೋಗಿ ನಿಂತ ಮೇಲೆಯೇ ತೋಟಾ ತುಂಬಬೇಕು. ಜಾಗ ಬದಲಿಸುವಾಗ ಕೋವಿ ಖಾಲಿಯಿರಬೇಕು, ಮಡಚಿ ತೆರೆದಿರಬೇಕು. ಆಗ ಅದು ಖಾಲಿ ಎಂಬುದು ದೂರದಿಂದಲೇ ಎಲ್ಲರಿಗೂ ಕಾಣುತ್ತದೆ. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್ ಮುಟ್ಟಬಾರದು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಬೇಕೇಬೇಕು. ಸದ್ದು ಎಂದಿಗಿಂತ ಮೆತ್ತಗೆ ಕೇಳಿಸಿದರೆ ಮುಂದಿನ ಗುಂಡು ಹೊಡೆಯದೆ ನಿಲ್ಲಿಸಬೇಕು. ನಳಿಕೆಯೊಳಗೆ ಏನಾದರೂ ಸಿಕ್ಕಿಕೊಂಡಿದ್ದರೆ ಮುಂದಿನ ಗುಂಡಿಗೆ ನಳಿಕೆಯೇ ಸೀಳಿಹೋಗಬಹುದು. ‘ಇದೆಲ್ಲ ನನಗೆ ಗೊತ್ತು’ ಎಂಬಂತೆ ತಲೆಯಾಡಿಸಿದೆ.

ಏಳನೆಯದೋ ಎಂಟನೆಯದೋ ತಟ್ಟೆ. ಟ್ರಿಗರ್ ಒತ್ತಿದೆ. ‘ಟಿಕ್’ ಎಂದಿತು, ಅಷ್ಟೇ. ಹಿಂದೆ ನಿಂತಿದ್ದ ಕೋಚ್‌ಗೆ ತೋರಿಸೋಣವೆಂದು ‘ಸರ್, ಸಿಡಿಯಲಿಲ್ಲ’ ಎನ್ನುತ್ತಾ ಕೋವಿ ಸಮೇತ ತಿರುಗಿದೆ.

ತಿರುಗುವುದು ಪೂರ್ತಿಯಾಗಲಿಲ್ಲ. ಅವರ ಅಂಗೈ ನಳಿಕೆಯನ್ನು ಹಿಡಿದು ಮೈದಾನದ ಕಡೆಗೆ ತಳ್ಳಿತ್ತು. ‘ಬೆರಳು ತೆಗಿ’ ಎಂದರು, ಮೆಲ್ಲಗೆ. ಆಗ ನೋಡಿಕೊಂಡೆ. ನನ್ನ ಬೆರಳು ಟ್ರಿಗರ್ ಮೇಲೇ ಇತ್ತು. ಇನ್ನೊಂದು ನಳಿಕೆಯಲ್ಲಿ ಎರಡನೇ ತೋಟಾ ಹಾಗೇ ಇತ್ತು. ಒಂದು ಕ್ಷಣದ ಹಿಂದೆ ನಳಿಕೆಯ ನೇರಕ್ಕಿದ್ದದ್ದು ಪಕ್ಕದ ಜಾಗದಲ್ಲಿದ್ದ ನನ್ನ ಗೆಳೆಯ.

‘ಸಿಡಿಯದ ತೋಟಾ ತಡವಾಗಿಯೂ ಸಿಡಿಯಬಹುದು. ಕೋವಿ ಮುಂದಕ್ಕೇ ಇರಲಿ, ತೆರೆಯಬೇಡ, ಕೈ ಎತ್ತಿ ಹೇಳು. ನಾನೇ ನಿನ್ನ ಹತ್ತಿರ ಬರ್ತೀನಿ’ ಎಂದರು ಕೋಚ್. ಬೈಯಲಿಲ್ಲ. ಆದರೆ ಆ ದಿನ ಮತ್ತೆ ಕೋವಿ ಕೊಡಲಿಲ್ಲ. ಬೆಂಚಿನ ಮೇಲೆ ಕೂತು ಗೆಳೆಯ ಹೊಡೆಯುವುದನ್ನು ನೋಡಿದೆ. ಬಸ್ಸಿನಲ್ಲಿ ವಾಪಸಾಗುವಾಗ ಅವನೇ ಏನೇನೋ ಮಾತಾಡಿದ. ನನಗೆ ಅವನ ಮುಖ ನೋಡಲಾಗಲಿಲ್ಲ.

ಸೆಪ್ಟೆಂಬರ್‌ನಲ್ಲಿ ಹಬ್ಬಕ್ಕೆ ಊರಿಗೆ ಹೋದೆ. ಪೂಜೆಗೆ ಮುಂಚೆ ಅಜ್ಜ ಕೋವಿಯನ್ನು ತೆರೆದು, ಎರಡೂ ನಳಿಕೆಗಳನ್ನು ಬೆಳಕಿಗೆ ಹಿಡಿದು ನೋಡಿ ನನ್ನ ಕೈಗಿತ್ತರು. ಮೊದಲಾಗಿದ್ದರೆ ನೇರ ಒಯ್ದು ಇಡುತ್ತಿದ್ದೆ. ಈ ಸಲ ನಾನೂ ತೆರೆದು ನೋಡಿದೆ. ಅಜ್ಜ ನೋಡಿದ ಮೇಲೂ ನೋಡಿದೆನಲ್ಲ, ಬೇಸರವಾಯಿತೇನೋ ಎಂದುಕೊಂಡೆ. ಅಜ್ಜ ಕೋವಿಯನ್ನು ವಾಪಸ್ ತೆಗೆದುಕೊಂಡು ಮತ್ತೊಮ್ಮೆ ತೆರೆದು ನೋಡಿದರು!

‘ನಾನು ನೋಡಿದೆನಲ್ಲ ಅಜ್ಜ?’

‘ನೀನು ನೋಡಿದ್ದು ನಿನಗೆ. ಈಗ ಕೋವಿ ನನ್ನ ಕೈಯಲ್ಲಿದೆ’ ಎಂದರು.

ಇಷ್ಟು ವರ್ಷ ಅಜ್ಜ ಹೀಗೇ ಮಾಡುತ್ತಿದ್ದರಂತೆ. ನನ್ನ ಕಣ್ಣು ಮಾತ್ರ ಯಾವಾಗಲೂ ತೆಂಗಿನಕಾಯಿ ಮೇಲಿತ್ತು. ಕೊಡವರಿಗೆ ಕೋವಿಯ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಎಚ್ಚರಿಕೆಯಿಂದ ಯಾರಿಗೂ ವಿನಾಯಿತಿ ಇಲ್ಲ.