ಉಂಗುರ ಬೆರಳಿನ ಹನಿ

ಹರಿಹರ ದಾಟಿ ಮಲೇಬೆನ್ನೂರಿನ ಹಾದಿ ಹಿಡಿದರೆ ಎರಡೂ ಬದಿ ನಾಟಿ ಗದ್ದೆ. ಭದ್ರಾ ನಾಲೆಯ ಏರಿಯಿಂದ ಜಿನುಗಿದ ನೀರು ತಗ್ಗಿನಲ್ಲಿ ತಿಳಿಯಾಗಿ ನಿಂತಿದೆ. ಕೊಳಚೆಯಲ್ಲ, ಇಂಥ ತಿಳಿನೀರೇ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗೆ ತವರು. ಪೇಟೆಯಲ್ಲಾದರೆ ಮುಚ್ಚಳವಿಲ್ಲದ ಸಂಪು, ತುಂಬಿಸಿಟ್ಟ ತೊಟ್ಟಿಯೇ ಸಾಕು.

ಊರೊಳಗೊಂದು ಮನೆಯ ಬಾಗಿಲಲ್ಲಿ ಆರೋಗ್ಯ ಕಾರ್ಯಕರ್ತೆ. “ಜ್ವರ ಬಂದು ಎಷ್ಟು ದಿನ ಆತು ಅಜ್ಜ? ಎಡಗೈ ಕೊಡ್ರಿ.” ಕಂಬಳಿಯೊಳಗಿಂದ ಕೈ ಹೊರಬರುತ್ತದೆ. ಉಂಗುರ ಬೆರಳಿಗೆ ಸೂಜಿಮೊನೆ. ಗಾಜಿನ ಪಟ್ಟಿಯ ಮೇಲೆ ಒಂದೆಡೆ ದಪ್ಪ ಹನಿ, ಇನ್ನೊಂದೆಡೆ ನಾಲಿಗೆಯಂತೆ ಎಳೆದ ತೆಳು ಲೇಪ.

ದಾವಣಗೆರೆಯ ಪ್ರಯೋಗಾಲಯ. ಲೇಪಕ್ಕೆ ಜೆಎಸ್‌ಬಿ ಬಣ್ಣ. 1944ರಲ್ಲಿ ಜಸವಂತ ಸಿಂಗ್ ಮತ್ತು ಭಟ್ಟಾಚಾರ್ಜಿ ನಮ್ಮಲ್ಲೇ ರೂಪಿಸಿದ್ದು. ಸಾವಿರ ಪಟ್ಟು ಹಿಗ್ಗಿಸಿ ಕಣ್ಣಿಟ್ಟರೆ ತಿಳಿಗುಲಾಬಿ ಬಿಲ್ಲೆಗಳಂಥ ಕೆಂಪು ರಕ್ತಕಣಗಳು. ತುಸು ಉಬ್ಬಿದ ಒಂದರೊಳಗೆ ನೀಲಿ ಉಂಗುರ, ಅದಕ್ಕೆ ಕೆಂಪು ಹರಳು. ಆ ಉಂಗುರವೇ ರೋಗದ ಪರೋಪಜೀವಿ: ವೈವ್ಯಾಕ್ಸ್ ಮಲೇರಿಯಾ!

ಉಂಗುರ ಒಳಹೊಕ್ಕ ಬಗೆ ಮಾತ್ರ ಈ ಗಾಜಿನಲ್ಲಿ ಕಾಣದು. ಸೊಳ್ಳೆ ಬಿಟ್ಟ ಪರೋಪಜೀವಿ ಮೊದಲು ಯಕೃತ್ತಿನಲ್ಲಿ ಅಡಗಿ, ಸಾವಿರಾರಾಗಿ ರಕ್ತಕ್ಕಿಳಿಯುತ್ತದೆ. ಕೆಂಪು ಕಣ ಏಳೆಂಟು ಮೈಕ್ರಾನ್ ಅಗಲ; ಇದು ಒಂದೆರಡು ಮೈಕ್ರಾನಿನ ಚೋಟುಜೀವಿ. ಬರಿದೆ ತಾಗಿದರೆ ಸಾಲದು. ಹೊರಳಿ, ಚೂಪು ತುದಿಯನ್ನೇ ಕಣಕ್ಕೆ ಒತ್ತಬೇಕು. ಎಳೆಯ ಕೆಂಪು ಕಣಗಳ ಮೈಮೇಲಿನ ಡಫಿ ಎಂಬ ಪ್ರೋಟೀನು ವೈವ್ಯಾಕ್ಸ್‌ಗೆ ಹಿಡಿಕೆ. ಪಶ್ಚಿಮ ಆಫ್ರಿಕದ ಬಹುತೇಕರ ಕಣಗಳಲ್ಲಿ ಆ ಹಿಡಿಕೆಯಿಲ್ಲ; ವೈವ್ಯಾಕ್ಸ್ ಅಲ್ಲಿ ಅಪರೂಪ. ಹಿಡಿತ ಸಿಕ್ಕಿದ ಮೇಲೆ ತನ್ನದೇ ಪ್ರೋಟೀನೊಂದನ್ನು ಕಣದ ಪೊರೆಗೆ ನೆಟ್ಟು, ಅದನ್ನೇ ಕಚ್ಚಿ ಒಳಸರಿಯುತ್ತದೆ. ಗೂಟವೂ ಅದರದೇ, ಹಗ್ಗವೂ ಅದರದೇ. ಪೊರೆ ಹರಿಯುವುದಿಲ್ಲ, ಕಳ್ಳನನ್ನು ಸುತ್ತಿಕೊಂಡು ಹಿಂದಿನಿಂದ ಮುಚ್ಚಿಕೊಳ್ಳುತ್ತದೆ. ಒಳನುಗ್ಗಲು ಒಂದು ನಿಮಿಷವೂ ಬೇಡ.

ಆಮೇಲೆ 48 ಗಂಟೆ ಹಿಮೋಗ್ಲೋಬಿನ್ ಊಟ. ಒಂದು ಹಲವಾಗಿ, ಮಂಡಕ್ಕಿ ಭಟ್ಟಿಯ ಬಿಸಿ ಮರಳಲ್ಲಿ ಅಕ್ಕಿ ಸಿಡಿದಂತೆ ಕಣಗಳು ಹೆಚ್ಚುಕಡಿಮೆ ಒಟ್ಟಿಗೇ ಒಡೆಯುತ್ತವೆ. ಅದಕ್ಕೇ ಅಜ್ಜನಿಗೆ ದಿನ ಬಿಟ್ಟು ದಿನ ಗಡಗಡ ನಡುಕ.

ಮೂರು ದಿನದ ಕ್ಲೋರೋಕ್ವಿನ್ ರಕ್ತದಲ್ಲಿರುವವನ್ನು ಕೊಲ್ಲುತ್ತದೆ. ಯಕೃತ್ತಿನಲ್ಲಿ ಮಲಗಿರುವವು ತಿಂಗಳುಗಳ ನಂತರವೂ ಏಳಬಲ್ಲವು. ಅವಕ್ಕೆ ವೈದ್ಯರು ಬರೆದುಕೊಡುವ 14 ದಿನದ ಪ್ರೈಮಾಕ್ವಿನ್ ಬೇಕು. ಗುಳಿಗೆ ತಂದುಕೊಟ್ಟ ಕಾರ್ಯಕರ್ತೆ ಹೊಸಿಲಲ್ಲಿ ನಿಂತು ಹೇಳಿದ ಮಾತು ನಮಗೆಲ್ಲರಿಗೂ ಸಲ್ಲುತ್ತದೆ: “ಜ್ವರ ಬಿಡ್ತು ಅಂತ ಗುಳಿಗಿ ಬಿಡಬ್ಯಾಡ್ರಿ.”