ಸಣ್ಣ ಊರಿನ ಗ್ರಂಥಾಲಯ ಯಾರದು?

ಕರಾವಳಿಯಿಂದ ಘಟ್ಟ ಹತ್ತಿ ಬೇಲೂರು, ಹಳೇಬೀಡಿಗೆ ಪ್ರವಾಸ ಹೋಗುವ ನಾವು ದೇವಾಲಯಗಳ ಶಿಲ್ಪಗಳನ್ನು ನೋಡಿ ಬರುತ್ತೇವೆ. ಅರಸೀಕೆರೆ ನಮಗೆ ರೈಲ್ವೆ ಜಂಕ್ಷನ್ ಎಂದಷ್ಟೇ ಪರಿಚಯ. ಈ ಊರುಗಳ ಜನ ಓದುವ ಸಾರ್ವಜನಿಕ ಗ್ರಂಥಾಲಯಗಳ ಹಿಂದೆಯೂ ಒಂದು ಚರಿತ್ರೆಯಿದೆ.

ಹಳೆಯ ಮೈಸೂರು ಸಂಸ್ಥಾನದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ (1912-1918) ಬೆಂಗಳೂರು ಮತ್ತು ಮೈಸೂರಿನಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಆರಂಭವಾದವು. ಆದರೆ ಸಣ್ಣ ಊರುಗಳಿಗೆ ಕಾನೂನಿನ ಆಸರೆ ಇರಲಿಲ್ಲ. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡಕ್ಕೆ 1948ರಲ್ಲೇ ಗ್ರಂಥಾಲಯ ಕಾಯಿದೆ ಬಂತು. ಹಾಸನ ಜಿಲ್ಲೆ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯವರೆಗೆ ಕಾಯಬೇಕಾಯಿತು. ಈ ಎರಡೂ ಕಾಯಿದೆಗಳ ಹಿಂದೆ ಗ್ರಂಥಾಲಯ ವಿಜ್ಞಾನಿ ಡಾ. ಎಸ್. ಆರ್. ರಂಗನಾಥನ್ ಅವರ ಶ್ರಮವಿತ್ತು.

ಕಾಯಿದೆಯ ಪ್ರಕಾರ ಹಾಸನದಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯ, ಅರಸೀಕೆರೆ, ಬೇಲೂರಿನಂತಹ ತಾಲೂಕು ಕೇಂದ್ರಗಳಲ್ಲಿ ಅದರ ಶಾಖೆಗಳು ನಡೆಯುತ್ತವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಅವುಗಳಿಗೆ ಈಗ 'ಅರಿವು ಕೇಂದ್ರ' ಎಂಬ ಹೆಸರಿದೆ.

ಇವುಗಳಿಗೆ ಹಣ ಎಲ್ಲಿಂದ? ನಮ್ಮ ಕಿಸೆಯಿಂದಲೇ! ಮನೆ ಕಂದಾಯದ ಪ್ರತಿ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಸೇರುತ್ತದೆ. 2,000 ರೂಪಾಯಿ ಕಂದಾಯ ಕಟ್ಟುವ ಮನೆಯಿಂದ 120 ರೂಪಾಯಿ ಗ್ರಂಥಾಲಯಕ್ಕೆಂದೇ ಹೋಗುತ್ತದೆ. ಅದನ್ನು ವಸೂಲಿ ಮಾಡುವ ಪುರಸಭೆ, ನಗರಸಭೆಗಳು ಗ್ರಂಥಾಲಯ ಪ್ರಾಧಿಕಾರಕ್ಕೆ ಪಾವತಿಸಬೇಕು. ಆದರೆ ರಾಜ್ಯದ ಅನೇಕ ಸ್ಥಳೀಯ ಸಂಸ್ಥೆಗಳು ಈ ಹಣವನ್ನು ಬಾಕಿ ಉಳಿಸಿಕೊಂಡಿರುವುದು ಮತ್ತೆ ಮತ್ತೆ ವರದಿಯಾಗಿದೆ. ಹಣ ಬಾರದಿದ್ದರೆ ಹೊಸ ಪುಸ್ತಕ ಬರುವುದಿಲ್ಲ, ಪತ್ರಿಕೆಗಳು ಕಡಿಮೆಯಾಗುತ್ತವೆ. ಇದರ ನಷ್ಟ ಪುಸ್ತಕ ಕೊಳ್ಳಲಾಗದ ವಿದ್ಯಾರ್ಥಿಗೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಬಡ ಯುವಕ ಯುವತಿಯರಿಗೆ.

ಆದುದರಿಂದ ಗ್ರಂಥಾಲಯ ಸರಕಾರ ಕೊಟ್ಟ ದಾನವಲ್ಲ, ನಾವೇ ಕಟ್ಟಿದ ಹಣದಿಂದ ನಡೆಯುವ ನಮ್ಮ ಸೊತ್ತು. ಈ ಬಾರಿ ಕಂದಾಯದ ರಸೀದಿಯಲ್ಲಿ ಗ್ರಂಥಾಲಯ ಕರದ ಸಾಲನ್ನು ಗಮನಿಸೋಣ. ಆ ಹಣ ಗ್ರಂಥಾಲಯಕ್ಕೆ ತಲುಪಿದೆಯೇ ಎಂದು ವಾರ್ಡಿನ ಸದಸ್ಯರನ್ನು ವಿಚಾರಿಸೋಣ. ನಮ್ಮ ಯುವಜನ ಸಂಘಗಳು ಮಕ್ಕಳನ್ನು ಗ್ರಂಥಾಲಯದ ಸದಸ್ಯರನ್ನಾಗಿ ಮಾಡಲಿ. ಓದುಗರು ತುಂಬಿದ ಗ್ರಂಥಾಲಯವನ್ನು ಕಡೆಗಣಿಸುವುದು ಯಾರಿಗೂ ಸುಲಭವಲ್ಲ.